ದಾಮಣ್ಣನ ಕಾರಿನ ಅಡಿಬಣ್ಣ

ಮೊನ್ನೆ ನಮ್ಮ ಮನೆಯ ಕಿಟಕಿಯ ಗ್ರಿಲ್ಲಿಗೆ ಬಣ್ಣ ಹೊಡೆಯಲು ಬಂದ ಪೈಂಟರು ಡಬ್ಬಿಯ ಮುಚ್ಚಳ ಎಬ್ಬಿಸುತ್ತ, "ಪ್ರೈಮರ್ ಕೆಂಪು ಹೊಡೆಯುದಾ, ಗ್ರೇ ಹೊಡೆಯುದಾ ಟೀಚರ್?" ಎಂದು ಕೇಳಿದರು. ಥಿನ್ನರಿನ ವಾಸನೆ ಅಡುಗೆಮನೆಗೆ ನುಗ್ಗಿ ಒಗ್ಗರಣೆಯ ಪರಿಮಳವನ್ನು ಹೊರಗಟ್ಟಿತು. ನಾನು ಸೌಟು ಹಿಡಿದುಕೊಂಡೇ ನಗತೊಡಗಿದೆ. ಪಾಪ, ಅವರು ತಮ್ಮ ಪ್ರಶ್ನೆಯಲ್ಲಿ ಏನೋ ತಪ್ಪಿದೆ ಎಂದುಕೊಂಡು ಡಬ್ಬಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ನಿಮ್ಮನ್ನು ನೋಡಿ ನಕ್ಕದ್ದಲ್ಲ, ನನ್ನ ಮಾವನನ್ನು ನೆನೆದು ನಕ್ಕದ್ದು ಎಂದೆ. ಆಮೇಲೆ ಅವರು ನನ್ನನ್ನು ಏನೂ ಕೇಳದೆ ಕೆಂಪನ್ನೇ ಹೊಡೆದರು.

ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೂ ನಷ್ಟವೇನಿಲ್ಲ. ಕಬ್ಬಿಣಕ್ಕೆ ಮೇಲಿನ ಬಣ್ಣ ಬಳಿಯುವ ಮೊದಲು ಪ್ರೈಮರ್ ಎಂಬ ಅಡಿಬಣ್ಣವೊಂದನ್ನು ಬಳಿಯುತ್ತಾರೆ. ಅದು ಸೀರೆಯ ಒಳಗಿನ ಲಂಗದ ಹಾಗೆ. ಇದ್ದರೆ ಯಾರೂ ಕೇಳುವುದಿಲ್ಲ, ಇಲ್ಲದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಯಾರ ಕಣ್ಣಿಗೂ ಬೀಳಬಾರದ ಈ ಬಣ್ಣವೊಂದನ್ನು ಸರಿಹೊಂದಿಸುವುದಕ್ಕಾಗಿ ನನ್ನ ಸಂಜೀವ ಮಾವ ಬಂಟ್ವಾಳ, ಮೂಡುಬಿದಿರೆ ಎಂದು ಊರೂರು ತಿರುಗಿದ ಕಥೆಯನ್ನು ನಾನು ಈವರೆಗೆ ಯಾರಿಗೂ ಸಮಾಧಾನವಾಗಿ ಕೂತು ಹೇಳಿರಲಿಲ್ಲ. ನೀವು ಹೇಗೂ ಬಂದು ಕೂತಿದ್ದೀರಿ.

ಸಂಜೀವ ಮಾವ ನನ್ನ ಅಮ್ಮನ ತಮ್ಮ. ವಾಮದಪದವಿನಲ್ಲಿ ಅವರದೊಂದು ಹೋಟೆಲು. ಹೋಟೆಲೆಂದರೆ ಲಿಫ್ಟು, ಟವೆಲು ಇರುವಂಥದ್ದಲ್ಲ. ಬೆಳಿಗ್ಗೆ ಬನ್ಸು, ಸಜ್ಜಿಗೆ ಬಜಿಲು, ಸಂಜೆ ಗೋಳಿಬಜೆ, ದಿನವಿಡೀ ಚಹಾ ಮತ್ತು ಪುಕ್ಕಟೆ ರಾಜಕೀಯ ಸಿಗುವ ಹೋಟೆಲು. ನಾನು ಆಗಷ್ಟೇ ಬಂಟ್ವಾಳದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಟೀಚರಾಗಿ ಸೇರಿ, ಮಾವನ ಮನೆಯಲ್ಲೇ ಉಳಿದುಕೊಂಡಿದ್ದೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ನಾನು ಕನ್ನಡದಲ್ಲಿ ಬರೆಯುವಾಗ ಮಾವ ಸ್ವಲ್ಪ ಗಂಭೀರರಂತೆ ಕಂಡರೆ ಅದು ಭಾಷೆಯ ಗುಣ, ಅವರದಲ್ಲ.

ಮಾವನ ಹೆಂಡತಿ ವಾರಿಜತ್ತೆಯ ತವರು ಬೆಳ್ತಂಗಡಿಯ ಹತ್ತಿರ. ಗದ್ದೆ, ತೋಟ, ದೈವದ ಚಾವಡಿ ಇರುವ ದೊಡ್ಡ ಮನೆ. ಆ ಮನೆಗೆ ಮಾವ ಅಳಿಯನಾಗಿ ಹೋದದ್ದೇನೋ ಹೌದು, ಆದರೆ ಅಲ್ಲಿನವರಿಗೆ ಅವರು ಬಹಳ ಕಾಲ 'ಹೋಟೆಲಿನವರು'. ಯಾರೂ ಕೆಟ್ಟ ಮಾತು ಆಡುತ್ತಿರಲಿಲ್ಲ. ಆ ಮನೆಯಲ್ಲಿ ಏನೇ ಊಟವಿರಲಿ, "ಸಂಜೀವ ಇದ್ದಾನಲ್ಲ, ಬಡಿಸುವ ಚಿಂತೆ ಇಲ್ಲ" ಎಂದು ಯಾರೋ ಒಬ್ಬರು ಪ್ರೀತಿಯಿಂದಲೇ ಹೇಳುತ್ತಿದ್ದರು, ಅಷ್ಟೆ. ಉಳಿದ ಅಳಿಯಂದಿರು ಮೊದಲ ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸುವಾಗ ಮಾವ ಮುಂಡು ಮೇಲೆ ಕಟ್ಟಿ ಅನ್ನದ ಬಕೆಟ್ಟು ಹಿಡಿದಿರುತ್ತಿದ್ದರು. ಕೊನೆಗೆ ಅಡುಗೆಯವರ ಜೊತೆ ಅವರು ಕೂರುವ ಹೊತ್ತಿಗೆ ಪಾಯಸದಲ್ಲಿ ದ್ರಾಕ್ಷಿ ಮುಗಿದಿರುತ್ತಿತ್ತು. ಅವರು ಇದರ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ. ಆದರೆ ಪಾಯಸದ ಬಗ್ಗೆ ಮಾತು ಬಂದಾಗಲೆಲ್ಲ ಅವರು ಎದ್ದು ಹೋಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಹೀಗಿರುವಾಗ ವಾರಿಜತ್ತೆಯ ಅಣ್ಣ ದಾಮಣ್ಣ ರಜೆ ಮುಗಿಸಿ ಮಸ್ಕತ್ತಿಗೆ ಮರಳುವ ಮುನ್ನ ತನ್ನ ಕಾರಿನ ಕೀಲಿಯನ್ನು ತಂದು ಮಾವನ ಕೈಯಲ್ಲಿಟ್ಟರು. ಸ್ವಂತ ತಮ್ಮಂದಿರಿಗೆ ಕೊಡಲಿಲ್ಲ, ಮಾವನಿಗೆ ಕೊಟ್ಟರು. ವಾರಕ್ಕೊಮ್ಮೆ ಓಡಿಸಿ, ಇಲ್ಲದಿದ್ದರೆ ಬ್ಯಾಟರಿ ಸಾಯುತ್ತದೆ ಎಂದರು. ಹೆಂಡತಿಯ ಮನೆಯವರು ಮಾವನ ಕೈಗೆ ಬಕೆಟ್ಟಲ್ಲದೆ ಬೇರೊಂದು ವಸ್ತು ಕೊಟ್ಟದ್ದು ಅದೇ ಮೊದಲು. ಕಾರು ಹಳೆಯದು. ದಾಮಣ್ಣನ ತಂದೆ, ನಾವೆಲ್ಲ ಅಜ್ಜ ಎನ್ನುತ್ತಿದ್ದವರು, ತಮ್ಮ ಕಾಲದಲ್ಲಿ ಕೊಂಡದ್ದು. ಅದರ ಕಂಪೆನಿಯ ಹೆಸರು ಹೇಳುವುದಿಲ್ಲ, ಅವರು ಬೇಸರಿಸಿಕೊಂಡಾರು. "ಈ ಕಾರಿಗೆ ಇವತ್ತಿನವರೆಗೆ ಸುತ್ತಿಗೆ ತಾಗಿಲ್ಲ" ಎಂಬುದು ಅಜ್ಜನ ಹೆಮ್ಮೆಯ ಮಾತು. ಮನೆಗೆ ಬಂದವರಿಗೆ ಬೆಲ್ಲ ನೀರಿನ ಜೊತೆಗೆ ಆ ಮಾತನ್ನೂ ಕೊಡುತ್ತಿದ್ದರು.

ದಾಮಣ್ಣನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅವರು ಮಸ್ಕತ್ತಿನಲ್ಲಿ ಹಡಗುಗಳ ಬಣ್ಣ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವ ಕೆಲಸದಲ್ಲಿದ್ದರು. ಹಾಗಾಗಿ ಕಂಡದ್ದನ್ನೆಲ್ಲ ಹೆಬ್ಬೆರಳಿನ ಉಗುರಿನಿಂದ ಕೆರೆದು ನೋಡುವ ಅಭ್ಯಾಸ. ಬಾಗಿಲು ಕೆರೆಯುವರು, ಪಾತ್ರೆ ಕೆರೆಯುವರು, ಮದುವೆ ಮನೆಯಲ್ಲಿ ಮದುಮಗಳ ಬಳೆ ಕೆರೆದು ಮಾತು ಕೇಳಿಸಿಕೊಂಡದ್ದೂ ಉಂಟು. ಮೇಲಿನ ಬಣ್ಣವನ್ನು ಅವರು ನಂಬುತ್ತಿರಲಿಲ್ಲ. ಅಡಿಯಲ್ಲಿ ಏನಿದೆ ಎಂದು ನೋಡಿದ ಮೇಲೆಯೇ ಅವರಿಗೆ ನಿದ್ದೆ.

ಇಂಥವರ ಕಾರನ್ನು ಮಾವ ಒಂದು ಭಾನುವಾರ ಕಕ್ಕಿಂಜೆಗೆ ಕೊಂಡುಹೋದರು. ಅಲ್ಲಿ ಒಬ್ಬರ ಹತ್ತಿರ ಒಳ್ಳೆಯ ಕಾಡುಜೇನು ಇದೆಯೆಂದು ಸುದ್ದಿ. ಚಾರ್ಮಾಡಿಯ ಕಡೆ ಮುಖಮಾಡಿ ಏರಿನಲ್ಲಿ ಕಾರು ನಿಲ್ಲಿಸಿ, ಇಳಿದು, ಅಂಗೈಯಲ್ಲಿ ಜೇನು ಹಾಕಿಸಿಕೊಂಡು ನೆಕ್ಕುತ್ತ, ಇದರಲ್ಲಿ ಬೆಲ್ಲ ಬೆರೆಸಿದ್ದಾರೆಯೇ ಇಲ್ಲವೇ ಎಂದು ಕಣ್ಣುಮುಚ್ಚಿ ಯೋಚಿಸುತ್ತಿದ್ದರಂತೆ. ಕಣ್ಣು ತೆರೆದಾಗ ಕಾರು ನಿಧಾನವಾಗಿ, ಯಾರಿಗೂ ತೊಂದರೆ ಕೊಡದಂತೆ, ಹಿಂದಕ್ಕೆ ಹೊರಟಿತ್ತು. ಮಾವ ಓಡಿಹೋಗಿ ಜೇನಿನ ಕೈಯನ್ನೇ ಬಾನೆಟ್ಟಿನ ಮೇಲಿಟ್ಟು, ನಿಲ್ಲು ಮಾರಾಯ ಎಂದು ಬೇಡಿಕೊಂಡರು. ಅದು ಸ್ವಲ್ಪ ದೂರ ಅವರನ್ನೂ ಕರೆದುಕೊಂಡು ಹೋಗಿ, ಮೋರಿಯ ಕಲ್ಲಿನ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಕೂತುಬಿಟ್ಟಿತು. ಮೇಲಿನಿಂದ ನೋಡಿದರೆ ಒಂದು ಗೀರೂ ಇಲ್ಲ. ಆದರೆ ಅಡಿಯಲ್ಲಿ, ಕಾರಿನ ಬೆನ್ನೆಲುಬಿನಂತಿರುವ ಕಬ್ಬಿಣದ ಚೌಕಟ್ಟು, ಮೆಕ್ಯಾನಿಕರು ಚಾಸಿ ಎನ್ನುವುದು, ಹಿಂಭಾಗದಲ್ಲಿ ಬಾಗಿತ್ತು.

ಮನೆಗೆ ಬಂದ ಮಾವ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು ವಿಷಯ ಹೇಳಿದರು. ಅತ್ತೆಗೆ ಹೇಳಬೇಡ, ವಾರಿಜಳಿಗೆ ಗೊತ್ತಾದರೆ ಮಸ್ಕತ್ತಿಗೆ ಗೊತ್ತಾದ ಹಾಗೆಯೇ ಎಂದರು. ದಾಮಣ್ಣ ರಜೆಯಲ್ಲಿ ಬರುವುದಕ್ಕೆ ಹೆಚ್ಚು ದಿನವಿರಲಿಲ್ಲ. ಅಷ್ಟರಲ್ಲಿ ಕಾರು ಮೊದಲಿನ ಹಾಗೆ ಆಗಬೇಕು. ಮೊದಲಿನ ಹಾಗೆ ಎಂದರೆ ಉಗುರಿನಿಂದ ಕೆರೆದರೂ ಮೊದಲಿನ ಹಾಗೆ. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಬಕೆಟ್ಟು ಹಿಡಿದ ಮನುಷ್ಯನಿಗೆ ಒಂದು ಕೀಲಿ ಸಿಕ್ಕಿತ್ತು. ಅದನ್ನು ಜೇನು ನೆಕ್ಕುತ್ತ ಕಳೆದುಕೊಂಡೆ ಎಂದು ಹೆಂಡತಿಯ ಮನೆಯಲ್ಲಿ ಹೇಗೆ ಹೇಳುವುದು?

ಬಂಟ್ವಾಳದಲ್ಲಿ ಲ್ಯಾನ್ಸಿ ಎಂಬವರದು ಟಿಂಕರಿಂಗ್ ಶೆಡ್ಡು. ನೇತ್ರಾವತಿ ಹೊಳೆ ಒಂದು ವರ್ಷ ಒಳಗೆ ಬಂದುಹೋದ ಮೇಲೆ ಅವರ ಬಣ್ಣದ ಡಬ್ಬಿಗಳ ಮೇಲೆ ಲೇಬಲ್ಲುಗಳಿರಲಿಲ್ಲ. ಯಾವ ಡಬ್ಬಿಯಲ್ಲಿ ಏನಿದೆಯೆಂದು ನೋಡಲು ಪ್ರತಿ ಸಲ ಎಲ್ಲವನ್ನೂ ತೆರೆಯುತ್ತಿದ್ದರು. ಲ್ಯಾನ್ಸಿ ಗಟ್ಟಿ ಮನುಷ್ಯ, ಅಭಿಪ್ರಾಯಗಳು ಇನ್ನೂ ಗಟ್ಟಿ. ಚಾಸಿಯನ್ನು ಕಾಯಿಸಿ, ಎಳೆದು, ಬಡಿದು ನೇರ ಮಾಡಿದರು. ಬಡಿಯುವ ಪ್ರತಿ ಏಟಿಗೂ ಮಾವ ತಾವೇ ತಿಂದವರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಕಪ್ಪು ಬಣ್ಣವನ್ನು ಕೆರೆದಾಗ ಅಡಿಯಿಂದ ಒಂದು ಬಣ್ಣ ಕಾಣಿಸಿಕೊಂಡಿತು. ಅದು ಕೆಂಪೂ ಅಲ್ಲ, ಗ್ರೇಯೂ ಅಲ್ಲ. ಅದರ ಬದಿಯಲ್ಲಿ ಒಂದು ವೆಲ್ಡಿಂಗಿನ ಗೆರೆ. ಲ್ಯಾನ್ಸಿ ಅದನ್ನು ಸವರಿ, ಕಂಪೆನಿಯವರ ಕೈ ಎಂದರೆ ಇದು, ನಮ್ಮ ಊರಿನ ಯಾವ ವೆಲ್ಡರಿಗೂ ಈ ಜನ್ಮದಲ್ಲಿ ಹೀಗೆ ಬರಲಿಕ್ಕಿಲ್ಲ ಎಂದು ನಮಗೊಂದು ಭಾಷಣವನ್ನೇ ಕೊಟ್ಟರು. ಮಾವ ಆ ಗೆರೆಗೆ ಕೈಮುಗಿಯುವುದೊಂದು ಬಾಕಿ.

"ನನ್ನ ಹತ್ರ ಕೆಂಪು ಉಂಟು, ಗ್ರೇ ಉಂಟು" ಎಂದರು ಲ್ಯಾನ್ಸಿ. "ಮೇಲೆ ಕಪ್ಪು ಬರ್ತದೆ. ಅಡಿಯದ್ದನ್ನು ಯಾರು ನೋಡ್ತಾರೆ ಸಂಜೀವಣ್ಣ?"

"ನನ್ನ ಭಾವ ನೋಡ್ತಾರೆ" ಎಂದರು ಮಾವ.

ಕಾರಿನ ಉಳಿದ ಭಾಗದಲ್ಲಿಯೂ ಕೆರೆದು ನೋಡುವ ಎಂದು ನಾನು ಹೇಳಿದ್ದೆ. ಅಲ್ಲೆಲ್ಲ ಹಳೆಯ ಡಾಮರು ದಪ್ಪಗೆ ಕೂತಿತ್ತು. ಕೆರೆದರೆ ಪೂರ್ತಿ ಹೊಸದಾಗಿ ಬಳಿಯಬೇಕಾಗುತ್ತದೆ, ಟೀಚರಿಗೆ ಶಾಲೆಯಲ್ಲಿ ಕೆಲಸ ಇಲ್ಲವಾ ಎಂದು ಲ್ಯಾನ್ಸಿ ಕೇಳಿದರು. ಕಂಪೆನಿಯ ವೆಲ್ಡಿಂಗಿನ ಪಕ್ಕ ಇರುವುದು ಕಂಪೆನಿಯ ಬಣ್ಣವಲ್ಲದೆ ಮತ್ತೇನು?

ಆ ಬಣ್ಣಕ್ಕೊಂದು ಹೆಸರಿಡಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ನಮ್ಮ ಕಡೆಯವರಿಗೆ ಬಣ್ಣಗಳ ಹೆಸರು ಹೊಳೆಯುವುದು ಹೊಟ್ಟೆಯಿಂದ. ಮಾವ ಅದನ್ನು ಪುನರ್ಪುಳಿಯ ಕೆಂಪು ಸಾರಿಗೆ ತೆಂಗಿನಹಾಲು ಹಾಕಿದ ಹಾಗೆ ಎಂದರು. ಲ್ಯಾನ್ಸಿ ಅದನ್ನು ಬೇಯಿಸಿದ ಸಿಗಡಿಯ ಸಿಪ್ಪೆ ಎಂದರು. ನನಗದು ಕುಚ್ಚಲಕ್ಕಿ ತೊಳೆದ ಮೊದಲ ನೀರಿನಂತೆ ಕಂಡಿತು. ಮೂವರೂ ಹೇಳಿದ ಮೇಲೆ ಮೂವರಿಗೂ ಹಸಿವಾಗಿ, ಆ ದಿನ ಅಲ್ಲಿಗೇ ಮುಗಿಯಿತು.

ಲ್ಯಾನ್ಸಿ ಒಂದು ಚೂರು ಬಣ್ಣವನ್ನು ಎಬ್ಬಿಸಿಕೊಟ್ಟರು. ಎಳ್ಳಿಗಿಂತ ದೊಡ್ಡದು, ಕಡಲೆಗಿಂತ ಸಣ್ಣದು. ಇಷ್ಟು ಸಣ್ಣದನ್ನು ನೋಡಿ ಬಣ್ಣ ಕಲಸಲಾಗದು, ಅಂಗೈಯಗಲದ ಒಂದು ವಸ್ತು ಇದೇ ಬಣ್ಣದ್ದು ತಂದುಕೊಡಿ ಎಂದರು. ಮಾವ ನನ್ನ ಕಡೆ ತಿರುಗಿದರು. ಏಕೆಂದರೆ ನಮ್ಮ ಕುಟುಂಬದಲ್ಲಿ ಸೀರೆಗೆ ರವಕೆ ಬಟ್ಟೆ ಹೊಂದಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಉಳಿದವರು ಹೇಳುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು.

ರವಕೆ ಹೊಂದಿಸುವುದು ಗಂಡಸರು ತಿಳಿದಂತೆ ಹುಡುಗಾಟವಲ್ಲ. ಅಂಗಡಿಯ ಟ್ಯೂಬ್‌ಲೈಟನ್ನು ನಂಬುವಂತಿಲ್ಲ. ಬಟ್ಟೆಯ ಸುರುಳಿಯನ್ನು ಎತ್ತಿಕೊಂಡು ಮೆಟ್ಟಿಲಿಗೆ ಬರಬೇಕು. ಬಿಸಿಲಿನಲ್ಲಿ ಒಮ್ಮೆ, ನೆರಳಿನಲ್ಲಿ ಒಮ್ಮೆ ಹಿಡಿಯಬೇಕು. ಕಣ್ಣು ಸಣ್ಣದು ಮಾಡಿ ನೋಡಬೇಕು. ಕೊನೆಗೆ ದಾರಿಯಲ್ಲಿ ಹೋಗುವ ಅಪರಿಚಿತ ಹೆಂಗಸನ್ನು ನಿಲ್ಲಿಸಿ ಕೇಳಬೇಕು. ಅವಳು ಸುಳ್ಳು ಹೇಳುವುದಿಲ್ಲ.

ಮೂಡುಬಿದಿರೆಯ ಮ್ಯಾಚಿಂಗ್ ಸೆಂಟರಿಗೆ ನಾನೂ ಮಾವನೂ ಹೋದೆವು. ಅಂಗಡಿಯವರು ಸೀರೆ ಎಲ್ಲಿ ಎಂದರು. ನಾನು ಕುಂಕುಮದ ಕರಡಿಗೆ ತೆರೆದು ಆ ಚೂರನ್ನು ತೋರಿಸಿದೆ. ಸೀರೆಯಲ್ಲ, ಕಾರು ಎಂದೆ. ಮ್ಯಾಚಿಂಗ್ ಸೆಂಟರಿನವರನ್ನು ಗಾಬರಿಗೊಳಿಸುವುದು ಸುಲಭವಲ್ಲ. ಅವರು ಒಂದು ಕ್ಷಣ ಯೋಚಿಸಿ, "ಕಾಟನ್ ಆಗ್ಬೇಕಾ, ಪಾಲಿಸ್ಟರ್ ಸಾಕಾ?" ಎಂದು ಕೇಳಿದರು. ಸುರುಳಿಯ ಮೇಲೆ ಸುರುಳಿ ಇಳಿಯಿತು. ನಾನು ಮೆಟ್ಟಿಲ ಮೇಲೆ, ಮಾವ ರಸ್ತೆಯ ಆಚೆ ಬದಿಯಲ್ಲಿ ನಿಂತು ದೂರದಿಂದ ಹೇಗೆ ಕಾಣುತ್ತದೆಂದು ನೋಡಿ ಕೈಸನ್ನೆ ಮಾಡುವುದು. ಅವರು ಹಾಗೆ ಕೈ ಬೀಸುವುದನ್ನು ನೋಡಿ ಬಸ್ಸೊಂದು ನಿಂತಿತು, ಹತ್ತಲಿಲ್ಲವೆಂದು ಬೈದು ಹೋಯಿತು. ಕೊನೆಗೆ ಒಂದು ಬಟ್ಟೆ ಕೂಡಿಬಂತು. ದಾರಿಯಲ್ಲಿ ಹೋಗುತ್ತಿದ್ದ ಮೀನಿನ ಬುಟ್ಟಿಯ ಹೆಂಗಸು ಕರಡಿಗೆಯೊಳಗೆ ಇಣುಕಿ, ಬಟ್ಟೆ ಹಿಡಿದು, ಹೌದು ಎಂದಳು. ಸೀರೆ ಯಾವಾಗ ತೋರಿಸ್ತೀರಿ ಎಂದೂ ಕೇಳಿದಳು.

ಆ ಬಟ್ಟೆಯನ್ನು ಬಂಟ್ವಾಳಕ್ಕೆ ಒಯ್ದದ್ದೇ ಪುಣ್ಯ. ಲ್ಯಾನ್ಸಿ ಕರಡಿಗೆ ತೆರೆದು ಚೂರನ್ನು ಮೂಗಿನ ಹತ್ತಿರ ಹಿಡಿದವರು ಥಿನ್ನರಿನ ಘಾಟಿಗೆ ಒಂದು ಸೀನು ಸೀನಿದರು. ಚಾಸಿಯಲ್ಲಿದ್ದದ್ದನ್ನು ಅಷ್ಟರಲ್ಲಿ ಉಜ್ಜಿ ಮುಗಿಸಿದ್ದರಿಂದ, ಕಂಪೆನಿಯ ಬಣ್ಣ ಅಲ್ಲಿಗೇ ಹೋಯಿತು. ಇನ್ನು ರವಕೆ ಬಟ್ಟೆಯೇ ಗತಿ, ರವಕೆ ಬಟ್ಟೆಯೇ ಪ್ರಮಾಣ.

ಕೆಂಪಿಗೆ ಗ್ರೇ ಬೆರೆಸಿದರು. ಸಪ್ಪೆಯಾಯಿತು. ಕೆಂಪು ಹಾಕಿದರು. ಉರಿಯಿತು. ಬಿಳಿ ಹಾಕಿದರು, ಹಳದಿ ಹಾಕಿದರು, ಪುನಃ ಗ್ರೇ ಹಾಕಿದರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ನೀರು, ನೀರು ಹೆಚ್ಚಾಯಿತೆಂದು ಹುಳಿ ಹಾಕುತ್ತ ಹೋದವರಿಗೆ ಈ ಕಷ್ಟ ಅರ್ಥವಾದೀತು. ಬಣ್ಣ ಒಂದು ಡಬ್ಬಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಡ್ರಮ್ಮಿಗೆ ಬೆಳೆಯಿತು. ಹಸಿಯಿದ್ದಾಗ ಒಂದು ಬಣ್ಣ, ಒಣಗಿದಾಗ ಇನ್ನೊಂದು. ಹಾಗಾಗಿ ಮಾವ ಪ್ರತಿ ಸಲವೂ ಒಂದು ತಗಡಿನ ಮುಚ್ಚಳಕ್ಕೆ ಬಳಿದುಕೊಂಡು ಬಂದು ಹೋಟೆಲಿನ ಎದುರು ಬಿಸಿಲಿಗಿಡುತ್ತಿದ್ದರು. ಚಹಾ ಕುಡಿಯಲು ಬಂದವರು ಬಿಡುತ್ತಾರೆಯೇ? "ಎಂಥ ಸಂಜೀವಣ್ಣ, ಹೋಟೆಲಿಗೆ ಪೈಂಟಾ?" ಎಂದು ಕೇಳಿದರು. ಮಾವ ಹೌದು ಎಂದುಬಿಟ್ಟರು. ವಾಮದಪದವಿನಂಥ ಊರಿನಲ್ಲಿ ಆಡಿದ ಮಾತನ್ನು ಜನ ಮರೆಯುವುದಿಲ್ಲ. ಯಾವಾಗ, ಯಾವಾಗ ಎಂದು ದಿನವೂ ಕೇಳಿ ಜೀವ ತೆಗೆದರು. ಅಂತೂ ಬಣ್ಣ ಕೂಡಿಬಂದು, ಚಾಸಿಗೆ ಬೇಕಾದಷ್ಟು ಹೊಡೆದಾದ ಮೇಲೆ, ಉಳಿದ ಡ್ರಮ್ಮನ್ನು ತಂದು ಮಾವ ಹೋಟೆಲಿನ ಎದುರುಗೋಡೆಗೆ ಬಳಿಸಿದರು.

ಊರಿನವರು ಬಂದು ನೋಡಿ, ಇನ್ನೊಂದು ಕೋಟು ಬಾಕಿ ಇದೆಯಲ್ಲ ಎಂದರು. ಅಷ್ಟೇ ಎಂದು ಮಾವ ಹೇಳಿದಾಗ ಎಲ್ಲರೂ ಮರ್ಯಾದೆಯಿಂದ ಚಹಾ ಕೇಳಿದರು.

ದಾಮಣ್ಣ ಬಂದರು. ಸೆಂಟಿನ ಪರಿಮಳ ಮೊದಲು, ಅವರು ಆಮೇಲೆ. ಕೆಲವು ದಿನ ತಂಗಿಯ ಮನೆಯಲ್ಲೇ ಇರುವುದೆಂದು ಚೀಲ ಇಳಿಸಿ, ನಮ್ಮ ಅಂಗಳದಲ್ಲಿದ್ದ ಕಾರಿನ ಸುತ್ತ ಒಂದು ಸುತ್ತು ಬಂದು, ನೆಲಕ್ಕೆ ಪೇಪರು ಹಾಸಿ, ಟಾರ್ಚು ಹಿಡಿದು ಅಡಿಗೆ ನುಸುಳಿದರು. ಹೊರಗೆ ಕಾಣುತ್ತಿದ್ದದ್ದು ಅವರ ಎರಡು ಪಾದಗಳು. ಮಾವ ಕಂಬ ಹಿಡಿದು ನಿಂತಿದ್ದರು. ಉಗುರು ಕೆರೆಯುವ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಪಾದಗಳು ಅಲುಗಾಡಲಿಲ್ಲ. ಅಷ್ಟು ಹೊತ್ತು ಯಾಕೆ ಎಂದು ನನಗೂ ಹೆದರಿಕೆಯಾಗತೊಡಗಿತು. ಕೊನೆಗೆ ಹೊರಬಂದ ದಾಮಣ್ಣನ ಮುಖ ಬಿಳಿಚಿಕೊಂಡಿತ್ತು. "ಒಳ್ಳೆದಾಗಿ ಇಟ್ಟುಕೊಂಡಿದ್ದೀರಿ ಭಾವ" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಮಾವನಿಗೆ ಅರ್ಧ ಜೀವ ಬಂತು. ಉಳಿದರ್ಧ ಬರಲಿಲ್ಲ, ಏಕೆಂದರೆ ದಾಮಣ್ಣ ಈ ಮೊದಲು ಯಾರನ್ನೂ ಹೊಗಳಿದವರಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿಗೆ ಬಂದ ದಾಮಣ್ಣ ಎದುರುಗೋಡೆಯನ್ನು ನೋಡಿ ಬಾಗಿಲಲ್ಲೇ ನಿಂತರು. ಈ ಬಣ್ಣ ಯಾರು ಆರಿಸಿದ್ದು ಎಂದು ಸಣ್ಣ ದನಿಯಲ್ಲಿ ಕೇಳಿದರು. ನಾನೇ, ನನಗೆ ಬಹಳ ಹಿಡಿಸಿತು ಎಂದರು ಮಾವ. ದಾಮಣ್ಣ ಬನ್ಸನ್ನು ತುಂಡುಮಾಡಿ, ತಿನ್ನದೆ, ತಟ್ಟೆಯಲ್ಲೇ ಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ, ಅವರಿಬ್ಬರ ಮರ್ಯಾದೆ. ಯಾರಿಗೋ ತಂದ ಶೇವಿಂಗ್ ಸೆಟ್ಟು ಮಾವನಿಗೆ ಬಂತು. ಇನ್ಯಾರಿಗೋ ತಂದ ಕಂಬಳಿ ಬಂತು. ಮಾವ ಸುಮ್ಮನಿದ್ದಾರೆಯೇ? ಅಂಜಲ್ ಮೀನಿನ ನಡುತುಂಡು ದಾಮಣ್ಣನ ಬಟ್ಟಲಿಗೇ ಹೋಯಿತು. ಬಚ್ಚಲಿನ ಬಾಗಿಲಲ್ಲಿ ಇಬ್ಬರೂ ಟವೆಲು ಹೆಗಲಿಗೆ ಹಾಕಿಕೊಂಡು, ನೀವು ಮೊದಲು, ಇಲ್ಲ ನೀವು ಮೊದಲು ಎಂದು ನಿಂತು ಹಂಡೆಯ ನೀರು ತಣ್ಣಗಾಯಿತು. ದಾಮಣ್ಣನಿಗೆ ಗೊತ್ತಾಗಿದೆ, ನನ್ನ ಮಾನ ಉಳಿಸಲು ಸುಮ್ಮನಿದ್ದಾರೆ ಎಂದು ಮಾವ ನನ್ನಲ್ಲಿ ಗೋಳಾಡಿದರು. ವಾರಿಜತ್ತೆ ಮಾತ್ರ, ಇವರಿಬ್ಬರೂ ಸೇರಿ ಏನೋ ಜಾಗ ಮಾರುವ ಅಂದಾಜಿನಲ್ಲಿದ್ದಾರೆ ಎಂದು ಸಂಶಯಪಟ್ಟರು.

ಅದೇ ವಾರ ಬೆಳ್ತಂಗಡಿಯ ಮನೆಯಲ್ಲಿ ತಂಬಿಲ, ಅಂದರೆ ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಕೊಡುವ ಸೇವೆ. ನಮ್ಮ ಕಡೆಯಲ್ಲಿ ಪೊಲೀಸರೆದುರು ಸುಳ್ಳು ಹೇಳಿದವರುಂಟು, ವಕೀಲರ ಜೊತೆ ಸೇರಿ ಹೇಳಿದವರುಂಟು. ದೈವದ ಚಾವಡಿಯಲ್ಲಿ ಸುಳ್ಳು ಇಟ್ಟುಕೊಂಡು ಕೈಮುಗಿಯುವ ಧೈರ್ಯ ಮಾತ್ರ ಯಾರಿಗೂ ಸುಲಭಕ್ಕೆ ಬರುವುದಿಲ್ಲ. ಹೇಳದೆ ಇದ್ದರೂ ಅದು ಸುಳ್ಳೇ. ಆ ದಿನ ಬೆಳಿಗ್ಗೆ ಕಾರು ಹತ್ತುವ ಮೊದಲು ಮಾವ ಎರಡೆರಡು ಸಲ ಕಾಲು ತೊಳೆದರು. ದಾಮಣ್ಣ ಓಡಿಸುತ್ತಿದ್ದರು, ಪಕ್ಕದಲ್ಲಿ ಮಾವ, ಹಿಂದೆ ಅತ್ತೆ ಮತ್ತು ನಾನು. ಪುಂಜಾಲಕಟ್ಟೆ ದಾಟಿತು. ಮಡಂತ್ಯಾರಿನ ಹತ್ತಿರ ದಾಮಣ್ಣ ರಸ್ತೆಯನ್ನೇ ನೋಡುತ್ತ ಕೇಳಿದರು.

"ಭಾವ, ಚಾಸಿಯ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?"

ಮಾವ ಸೀಟಿನಲ್ಲಿ ಕುಗ್ಗಿದರು. "ಅದೇ ದಿನ ಗೊತ್ತಾಯ್ತು. ನಾನು ಅಲ್ಲೇ ಇದ್ದೆನಲ್ಲ."

"ನೀವು ಇದ್ರಾ? ಎಲ್ಲಿ?"

"ಕಕ್ಕಿಂಜೆಯಲ್ಲಿ. ಕೈಯಲ್ಲಿ ಜೇನಿತ್ತು."

"ಎಂಥ ಜೇನು? ನಾನು ಗುದ್ದಿದ್ದು ನಮ್ಮ ಮನೆಯ ಗೇಟಿಗಲ್ವಾ?"

ಕಾರು ನಿಂತಿತು. ಹಿಂದಿನಿಂದ ಬಂದ ರಿಕ್ಷಾದವನು ನಮ್ಮ ಕುಟುಂಬದ ಹಿರಿಯರನ್ನೆಲ್ಲ ನೆನೆದು ಮುಂದೆ ಹೋದ. ಕಾರಿನೊಳಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ವಾರಿಜತ್ತೆ ಹಿಂದಿನಿಂದ, ಕಾರನ್ನು ಬದಿಗೆ ಹಾಕಿ, ಇಬ್ಬರೂ ಏನಿದೆಯೋ ಹೇಳಿ ಮುಗಿಸಿ, ತಂಬಿಲಕ್ಕೆ ತಡವಾಗುತ್ತದೆ ಎಂದರು.

ದಾಮಣ್ಣನ ಕಥೆ ಇದು. ಮಸ್ಕತ್ತಿನಿಂದ ಮೊದಲ ಸಲ ರಜೆಯಲ್ಲಿ ಬಂದಾಗ, ಅಜ್ಜ ಮಂಗಳೂರಿಗೆ ಹೋದ ಹೊತ್ತಿನಲ್ಲಿ, ಕಾರನ್ನು ಹಿಂದಕ್ಕೆ ತೆಗೆಯಲು ಹೋಗಿ ಮನೆಯ ಗೇಟಿನ ಕಲ್ಲಿನ ಮೇಲೆ ಹತ್ತಿಸಿದ್ದರು. ಬೆಳ್ತಂಗಡಿಯ ಒಬ್ಬ ವೆಲ್ಡರನ್ನು ಗುಟ್ಟಾಗಿ ಕರೆಸಿ ಸರಿಮಾಡಿಸಿದರು. ಅಡಿಬಣ್ಣಕ್ಕೆ ತಾನು ಮಸ್ಕತ್ತಿನಿಂದ ಗೇಟಿಗೆಂದು ತಂದಿದ್ದ ಹಡಗಿನ ಪ್ರೈಮರನ್ನೇ ಹೊಡೆದರು. ಮೇಲೆ ಕಪ್ಪು ಬಳಿದು, ಅಪ್ಪನ ಹೆಮ್ಮೆಯನ್ನು ಹಾಗೆಯೇ ಉಳಿಸಿದರು. ಕಂಡದ್ದನ್ನೆಲ್ಲ ಕೆರೆಯುವ ಅಭ್ಯಾಸ ಹಿಡಿದದ್ದೂ ಆಮೇಲೆಯೇ ಅಂತೆ. ತಾನು ಮುಚ್ಚಿದ ಹಾಗೆ ಉಳಿದವರೂ ಮುಚ್ಚಿರುತ್ತಾರೆ ಎಂಬ ಗುಮಾನಿ. ಈಗ ಕಾರಿನಡಿಗೆ ಹೋಗಿ ನೋಡಿದರೆ ತನ್ನ ಆ ಹಡಗಿನ ಬಣ್ಣ ಮೊದಲಿಗಿಂತ ಅಗಲಕ್ಕೆ, ಹೊಸದಾಗಿ, ಹೊಳೆಯುತ್ತಿದೆ. ಹೋಟೆಲಿಗೆ ಬಂದರೆ ಗೋಡೆ ತುಂಬ ಅದೇ. ಭಾವ ನನ್ನ ಬಾಯಿಬಿಡಿಸುವುದಕ್ಕೇ ಹೀಗೆ ಮಾಡಿದ್ದಾರೆಂದು ಅವರಿಗೆ ಊಟ ಸೇರಲಿಲ್ಲ.

ಹಾಗಾದರೆ ಕಂಪೆನಿಯ ಬಣ್ಣ ಯಾವುದು ಎಂದು ಮಾವ ಕೇಳಿದರು. ಗ್ರೇ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗ್ರೇ ಎಂದರು ದಾಮಣ್ಣ. ಲ್ಯಾನ್ಸಿ ಮೊದಲ ದಿನವೇ ಮುಚ್ಚಳ ತೆರೆದು ತೋರಿಸಿದ ಗ್ರೇ. ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ಮೀನಿನ ಬುಟ್ಟಿಯ ಆ ಹೆಂಗಸು ಎಲ್ಲಾದರೂ ಎದುರು ಸಿಕ್ಕರೆ ಏನು ಹೇಳಲಿ ಎಂಬ ಚಿಂತೆ ನನಗೆ.

ಗುರುವಾಯನಕೆರೆಯವರೆಗೂ ಇಬ್ಬರೂ ನಕ್ಕರು. ಆಮೇಲೆ ನಗು ನಿಂತಿತು. ಏಕೆಂದರೆ ಮನೆ ಹತ್ತಿರ ಬಂತು, ಮತ್ತು ಅಲ್ಲಿ ಅಜ್ಜ ಇದ್ದರು.

ತಂಬಿಲ ಮುಗಿಯಿತು. ಪ್ರಸಾದ ತೆಗೆದುಕೊಂಡು ಎಲ್ಲರೂ ಚಾವಡಿಯಲ್ಲಿ ನಿಂತಿದ್ದಾಗ ಅಜ್ಜ ಯಾರೋ ಹೊಸ ನೆಂಟರಿಗೆ ಅಂಗಳದ ಕಾರನ್ನು ತೋರಿಸಿ, ಇವತ್ತಿನವರೆಗೆ ಅದಕ್ಕೆ ಸುತ್ತಿಗೆ ತಾಗಿಲ್ಲ ಎಂದರು. ದೈವವನ್ನು ನೆಲೆಗೊಳಿಸಿದ ಮಂಚವಿದ್ದದ್ದು ಅವರ ಬೆನ್ನ ಹಿಂದೆಯೇ. ದಾಮಣ್ಣ ಒಮ್ಮೆ ಅತ್ತ ನೋಡಿ, ಮುಂದೆ ಬಂದರು.

"ತಾಗಿದೆ ಅಪ್ಪ. ನಾನೇ ಗೇಟಿಗೆ ಗುದ್ದಿದ್ದು. ನೀವು ಮಂಗಳೂರಿಗೆ ಹೋದಾಗ."

ಇಷ್ಟು ಹೇಳಿ ನಿಲ್ಲಿಸಿದರು. ಕಕ್ಕಿಂಜೆಯ ಸುದ್ದಿ ಎತ್ತಲೇ ಇಲ್ಲ. ಮಾವ ಬಾಯಿ ತೆರೆಯುವುದನ್ನು ಕಂಡು, ಸುಮ್ಮನಿರಿ ಎಂಬಂತೆ ಅವರ ಮೊಣಕೈ ಹಿಡಿದರು. ಮಾವ ಸುಮ್ಮನಿದ್ದಿದ್ದರೆ ಅವರ ಮಾನ ಒಂದಿಷ್ಟೂ ಕೆಡುತ್ತಿರಲಿಲ್ಲ. ಕೀಲಿಯೂ ಅವರದೇ, ಹೆಸರೂ ಅವರದೇ. ನಾನು ಒಳಗೊಳಗೇ, ಸುಮ್ಮನಿರಿ ಮಾವ, ಸುಮ್ಮನಿರಿ ಎಂದು ಬೇಡಿಕೊಂಡೆ. ಅವರು ಕೇಳಲಿಲ್ಲ. ಎರಡನೆಯ ಸಲ ತಾಗಿದ್ದು ನನ್ನಿಂದ ಎಂದು ಎಲ್ಲರೆದುರು, ಆ ಮನೆಯ ಉಳಿದ ಅಳಿಯಂದಿರೆದುರು, ಜೇನಿನಿಂದ ಹಿಡಿದು ರವಕೆ ಬಟ್ಟೆಯವರೆಗೆ ಹೇಳಿಬಿಟ್ಟರು. ರವಕೆಯ ಭಾಗ ಬಂದಾಗ ನಾನು ಕಂಬದ ಹಿಂದೆ ಸರಿದೆ.

ಅಜ್ಜ ಕಾರನ್ನು ಬಿಟ್ಟು ಆ ಹೊಸ ನೆಂಟರ ಕಡೆ ತಿರುಗಿದರು. ಅವರಿಗೆ ಕಾರಿನ ಚಿಂತೆಗಿಂತ, ಇಷ್ಟು ವರ್ಷ ಬಂದವರಿಗೆಲ್ಲ ತಾನು ಸುಳ್ಳು ಹೇಳಿದಂತಾಯಿತಲ್ಲ ಎಂಬ ಸಂಕಟ. ಆಮೇಲೆ ಮಾವನನ್ನು ನೋಡಿ ಕೇಳಿದರು.

"ಅವನು ಹೇಳಿ ಮುಗಿಸಿದ್ದನಲ್ಲ ಸಂಜೀವ. ನೀನು ಯಾಕೆ ಬಾಯಿ ಹಾಕಿದ್ದು?"

"ಬೈಗುಳ ಅವರೊಬ್ಬರೇ ತಿನ್ನುದು ಬೇಡ ಅಂತ" ಎಂದರು ಮಾವ.

ಅಷ್ಟರಲ್ಲಿ ಒಳಗಿನಿಂದ ಎಲೆ ಹಾಕಿದ್ದಾರೆಂದು ಕರೆ ಬಂತು. ಮಾವ ತಲೆತಗ್ಗಿಸಿ ಮುಂಡು ಮೇಲೆ ಕಟ್ಟಿಕೊಳ್ಳುತ್ತ ಅಡುಗೆಮನೆಯ ಕಡೆ ಹೊರಟರು. "ಅಲ್ಲಿಗಲ್ಲ" ಎಂದರು ಅಜ್ಜ. "ಇಲ್ಲಿ ಕೂತ್ಕೋ." ತನ್ನ ಪಕ್ಕದ ಎಲೆಯನ್ನು ತೋರಿಸಿದರು. ಮಾವನಿಗೆ ಅರ್ಥವೇ ಆಗಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ, ಕಟ್ಟಿದ ಮುಂಡನ್ನು ಇಳಿಸಿ, ಮೊದಲ ಪಂಕ್ತಿಯಲ್ಲಿ ಅಜ್ಜನ ಬದಿಯಲ್ಲಿ ಕೂತರು. ಅನ್ನದ ಬಕೆಟ್ಟು ಹಿಡಿದು ಬಂದದ್ದು ದಾಮಣ್ಣ. ಅವರಿಗೆ ಬಡಿಸಲು ಬರುತ್ತಿರಲಿಲ್ಲ. ಮೊದಲ ಸೌಟು ಎಲೆಗೆ ಅರ್ಧ, ಮಡಿಲಿಗೆ ಅರ್ಧ ಬಿತ್ತು. ಪಾಯಸ ಬಂದಾಗ ಮಾವ ಎಲೆಯನ್ನೇ ನೋಡುತ್ತ ಕೂತಿದ್ದರು. ಪಾಯಸದ ತುಂಬ ದ್ರಾಕ್ಷಿಯಿತ್ತು. ಎದುರಿನ ಸಾಲಿನಲ್ಲಿ ವಾರಿಜತ್ತೆಯೂ ತಿನ್ನುತ್ತಿರಲಿಲ್ಲ.

ಲ್ಯಾನ್ಸಿಗೆ ಈ ಸುದ್ದಿ ಹೇಳಿದಾಗ ಅವರು ನಗಲಿಲ್ಲ. ಬೆಳ್ತಂಗಡಿಯ ಆ ವೆಲ್ಡರ್ ಯಾರು ಎಂದು ವಿಚಾರಿಸಿ, ಮುಂದಿನ ಭಾನುವಾರ ಅವರನ್ನು ನೋಡಲು ಹೋದರು. ಕಾರು ಆಮೇಲೆ ಕೆಲವು ವರ್ಷ ವಾಮದಪದವಿನಲ್ಲೇ ಇತ್ತು, ಮತ್ತೆ ಗುಜರಿಗೆ ಹೋಯಿತು. ಅಜ್ಜ ತೀರಿಕೊಂಡರು. ದಾಮಣ್ಣ ಮಸ್ಕತ್ತು ಬಿಟ್ಟು ಊರಿಗೆ ಬಂದರು, ಹೆಚ್ಚಿನ ಹೊತ್ತು ಮಾವನ ಹೋಟೆಲಿನಲ್ಲೇ ಕೂತು ಗಿರಾಕಿಗಳ ಜೊತೆ ಜಗಳವಾಡಿದರು. ನಾನು ಮೂಡುಬಿದಿರೆಗೆ ಬಂದು ನೆಲೆಸಿದೆ. ಇಷ್ಟಾಗುವಾಗ ಎಲ್ಲರ ಕೂದಲೂ ಹಣ್ಣಾಯಿತು.

ಗ್ರಿಲ್ಲಿಗೆ ಬಣ್ಣ ಹೊಡೆಸಿದ ಮರುದಿನ, ಅಂದರೆ ನಿನ್ನೆ ಬೆಳಿಗ್ಗೆ, ನಾನು ಮಾವನನ್ನು ನೋಡಲು ಇಲ್ಲಿನ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಪೊರೆ ತೆಗೆಸಿದ್ದರು. ಅತ್ತೆಗೆ ಮಂಡಿನೋವು, ಬರುವ ಹಾಗಿಲ್ಲ. ರಾತ್ರಿ ಜೊತೆಗಿದ್ದವರು ದಾಮಣ್ಣ. ಅವರೇ ಮುಖ ಒರೆಸಿ, ಅವರೇ ಗಂಜಿ ಕುಡಿಸಿ, ಯಾವ ಹೊತ್ತಿಗೆ ಯಾವ ಮದ್ದು ಎಂದು ನರ್ಸಿಗೇ ಪಾಠ ಹೇಳುತ್ತಿದ್ದರು. ಡಾಕ್ಟರು ಬಂದು ಪಟ್ಟಿ ಬಿಚ್ಚಿ, ಏನು ಕಾಣುತ್ತದೆ ಎಂದು ಕೇಳಿದರು. ಮಾವ ಗೋಡೆ ನೋಡಲಿಲ್ಲ, ಕಿಟಕಿ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹತ್ತಿರ ಬಗ್ಗಿ ನಿಂತಿದ್ದ ದಾಮಣ್ಣನ ಮುಖವನ್ನೇ ನೋಡುತ್ತ ಇದ್ದುಬಿಟ್ಟರು.

"ಭಾವ, ನಿಮಗೆ ಇಷ್ಟು ಪ್ರಾಯ ಆದದ್ದು ಯಾವಾಗ?"

"ನಿಮ್ಮ ಕಣ್ಣು ಮಂಜಾದಾಗ" ಎಂದರು ದಾಮಣ್ಣ. "ತಲೆ ಹಿಂದೆ ಹಾಕಿ, ಡ್ರಾಪ್ಸ್ ಬಿಡ್ತೇನೆ."

ಮಾವ ತಲೆ ಹಿಂದಕ್ಕೆ ಹಾಕಿದರು. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ಸರಿಯಾಗಿ ಬಿತ್ತು.